ತಮ್ಮನ ಹೊಕ್ಕುಳಬಳ್ಳಿ

ಕೊಟ್ಟಿಗೆಹಾರದ ಪಶು ಚಿಕಿತ್ಸಾಲಯದಲ್ಲಿ ರೇವಣ್ಣ ಪಶುವೈದ್ಯಕೀಯ ಪರೀಕ್ಷಕ. ಡಾಕ್ಟರಲ್ಲದಿದ್ದರೂ ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅವನು ಡಾಕ್ಟ್ರೇ. ಯಾರ ಮನೆಯ ದನ ಬೆದೆಗೆ ಬಂದರೂ ಮೊದಲ ಫೋನು ಅವನಿಗೆ. ಬೈಕಿನ ಹಿಂದೆ ಅಲ್ಯುಮಿನಿಯಂ ಕ್ಯಾನು ಬಿಗಿದುಕೊಂಡು ಹೊರಟುಬಿಡುತ್ತಿದ್ದ. ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಮೆಲ್ಲಗೆ ಹೊರಚೆಲ್ಲುತ್ತಿತ್ತು. ಒಳಗೆ ದ್ರವ ಸಾರಜನಕ, ಅದರಲ್ಲಿ ಮುಳುಗಿಸಿಟ್ಟ ಹೋರಿಯ ವೀರ್ಯದ ಕಡ್ಡಿಗಳು. ಆ ಚಳಿಯಲ್ಲಿ ಬೆರಳಿಟ್ಟರೆ ಬೆರಳು ಹೋಗುತ್ತದೆ, ಆದರೆ ಕಡ್ಡಿಯೊಳಗಿನ ಜೀವ ವರ್ಷಗಟ್ಟಲೆ ಉಳಿಯುತ್ತದೆ. ದಿನಾ ನೋಡುವ ಕೆಲಸವಾದ್ದರಿಂದ ಅವನಿಗೆ ಇದರಲ್ಲಿ ಸೋಜಿಗವೇನೂ ಉಳಿದಿರಲಿಲ್ಲ.

ಹೀಗಾಗಿಯೇ ತಂಗಿ ಭುವನಾಳ ಮನೆಯಲ್ಲಿ ಹೊಕ್ಕುಳಬಳ್ಳಿಯ ರಕ್ತದ ಮಾತು ಬಂದಾಗ ಎಲ್ಲರೂ ರೇವಣ್ಣನ ಮುಖ ನೋಡಿದ್ದರು.

ಭುವನಾಳನ್ನು ಕೊಟ್ಟದ್ದು ಬಣಕಲ್ಲಿಗೆ. ಗಂಡ ಚನ್ನಬಸವನದು ಹೆದ್ದಾರಿ ಬದಿಯಲ್ಲೇ ಹಾರ್ಡ್‌ವೇರ್ ಅಂಗಡಿ. ಎಸ್ಟೇಟಿನವರಿಗೆ ಬೇಕಾದ ಪೈಪು, ಸ್ಪ್ರಿಂಕ್ಲರು, ಕತ್ತಿ, ಹಗ್ಗ ಎಲ್ಲ ಅಲ್ಲಿ ಸಿಗುತ್ತಿತ್ತು. ಅವರ ಮೊದಲ ಮಗಳು ಧನ್ಯಾ. ಮಗು ಕೂರುವುದನ್ನು ಕಲಿಯುವ ಹೊತ್ತಿಗೆ ಮೈ ಬಿಳಿಚಿಕೊಂಡು ಹಾಲೂ ಬೇಡವೆನ್ನತೊಡಗಿತು. ಮಂಗಳೂರಿನಲ್ಲಿ ತೋರಿಸಿದಾಗ ಥಲಸ್ಸೀಮಿಯಾ ಎಂದರು. ಅಪ್ಪ ಅಮ್ಮ ಇಬ್ಬರಲ್ಲೂ ಆ ದೋಷ ಸುಮ್ಮನೆ ಅಡಗಿತ್ತು. ಎರಡೂ ಕಡೆಯಿಂದ ಇಳಿದು ಬಂದು ಮಗಳಲ್ಲಿ ಕಾಯಿಲೆಯಾಗಿತ್ತು. ಅವಳ ಮೈ ತನಗೆ ಬೇಕಾದಷ್ಟು ರಕ್ತ ಮಾಡಿಕೊಳ್ಳಲಾರದು. ಅಂದಿನಿಂದ ತಿಂಗಳು ತಿಂಗಳೂ ಚಿಕ್ಕಮಗಳೂರಿಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಂಡು ಬರುವುದೇ ಮನೆಯ ಪದ್ಧತಿಯಾಯಿತು. ರಕ್ತ ಹಾಕಿಸಿದ ಮರುದಿನ ಮಗು ಕುಣಿಯುತ್ತಿತ್ತು. ಮತ್ತೆ ದಿನ ಕಳೆದಂತೆ ಮೆಟ್ಟಿಲ ಮೇಲೆ ಕೂತು ಬೇರೆ ಮಕ್ಕಳ ಆಟ ನೋಡುತ್ತಿತ್ತು.

ಭುವನಾ ಎರಡನೆಯ ಸಲ ಬಸುರಾದಾಗ ಹೊಟ್ಟೆಯೊಳಗೇ ಮಗುವನ್ನು ಪರೀಕ್ಷೆ ಮಾಡಿಸಿದರು. ಆ ಮಗುವಿಗೆ ಕಾಯಿಲೆ ಇರಲಿಲ್ಲ. ಅಷ್ಟೇ ಅಲ್ಲ, ರಕ್ತದ ಗುಂಪು ಬೇರೆಯಾದರೂ ಅದರ ಕೋಶಗಳ ಗುರುತು ಅಕ್ಕನ ಗುರುತಿಗೆ ಪೂರ್ತಿ ಹೊಂದುತ್ತಿತ್ತು. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಹಿಡಿದಿಟ್ಟುಕೊಳ್ಳಬಹುದು, ಹೊಸ ರಕ್ತ ಹುಟ್ಟಿಸುವ ಮೂಲಕೋಶಗಳು ಅದರಲ್ಲಿ ಇರುತ್ತವೆ, ಮುಂದೊಂದು ದಿನ ಧನ್ಯಾಗೆ ಕೊಟ್ಟರೆ ಅವಳ ಮೈಯೇ ರಕ್ತ ಮಾಡಲು ಕಲಿಯಬಹುದು ಎಂದು ಡಾಕ್ಟರು ಹೇಳಿದರು.

ಚನ್ನಬಸವನ ತಾಯಿ ಪ್ರೇಮಕುಮಾರಿಯವರಿಗೆ ಇದ್ದದ್ದು ಒಂದೇ ಪ್ರಶ್ನೆ. "ಅದನ್ನ ತೆಗೆದ್ರೆ ಹುಟ್ಟೋ ಮಗೀಗೆ ಎಂತಾದ್ರೂ ಕಮ್ಮಿ ಆಗ್ತದಾ ರೇವಣ್ಣ?"

"ಇಲ್ಲ ಅತ್ತೆ. ಬಳ್ಳಿ ಕತ್ತರಿಸಿದ ಮೇಲೆ ಮಾಸಿನ ಜೊತೆ ಹೊರಗೆ ಹೋಗೋದು ಅದು. ಮಗೂಗೆ ನೋವೂ ಇಲ್ಲ, ನಷ್ಟಾನೂ ಇಲ್ಲ."

ಆ ಮಾತು ಭುವನಾಳಿಗೆ ದೊಡ್ಡ ಆಸರೆಯಾಯಿತು. ಊರಿನಲ್ಲಿ ಒಬ್ಬಿಬ್ಬರು, ದೊಡ್ಡವಳನ್ನು ಉಳಿಸಲಿಕ್ಕೆ ಚಿಕ್ಕದನ್ನು ಹೆರುತ್ತಿದ್ದಾಳೆ ಎಂದು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಬಿಸಾಡುವುದನ್ನು ಎತ್ತಿಡುತ್ತಿದ್ದೇವೆ, ಮಗುವಿನದೇನನ್ನೂ ಕಿತ್ತುಕೊಳ್ಳುತ್ತಿಲ್ಲ ಎಂದು ಅವಳು ಅವರಿಗೂ ಹೇಳಿದಳು, ತನಗೂ ಹೇಳಿಕೊಂಡಳು. ಗಂಡು ಹುಟ್ಟಿತು, ದರ್ಶನ್ ಎಂದು ಹೆಸರಿಟ್ಟರು. ಅಂಗೈಯಗಲದ ಚೀಲದಲ್ಲಿ ಕಡುಗೆಂಪಾಗಿದ್ದ ರಕ್ತವನ್ನು ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೆ ಒಯ್ದರು. ಅಲ್ಲಿ ಅದನ್ನು ಹೆಪ್ಪುಗಟ್ಟಿಸಿ, ರೇವಣ್ಣನ ಕ್ಯಾನಿನಲ್ಲಿರುವಂಥದೇ ಸಾರಜನಕದ ಚಳಿಯಲ್ಲಿ ಇಟ್ಟರು.

ಕೂಡಲೇ ಚಿಕಿತ್ಸೆ ಮಾಡುವಂತಿರಲಿಲ್ಲ. ಹಾಕಿಸಿಕೊಂಡ ರಕ್ತದಿಂದಲೇ ಧನ್ಯಾಳ ಪಿತ್ತಜನಕಾಂಗದಲ್ಲಿ ಕಬ್ಬಿಣ ತುಂಬಿಕೊಂಡಿತ್ತು. ಅದು ಇಳಿಯಬೇಕು, ಮಗು ಗಟ್ಟಿಯಾಗಬೇಕು ಎಂದರು ಡಾಕ್ಟರು. ಭುವನಾ ಟೊಂಕ ಕಟ್ಟಿ ನಿಂತಳು. ಹೊತ್ತು ಹೊತ್ತಿಗೆ ಮಾತ್ರೆ, ಹೊತ್ತು ಹೊತ್ತಿಗೆ ಊಟ. ಬೇಡ ಎಂದರೂ ಬಿಡದೆ, ಕತೆ ಹೇಳಿ, ಗದರಿಸಿ, ಅಂಗಡಿಯ ತಕ್ಕಡಿಯಲ್ಲಿ ಕೂರಿಸಿ ತೂಗಿ ತೋರಿಸಿ ಮಗಳಿಗೆ ಉಣ್ಣಿಸಿದಳು. ಒಂದು ಕಿಲೋ ಏರಿತೆಂದರೆ ಅಂದು ಮನೆಯಲ್ಲಿ ಪಾಯಸ. ಹೀಗೆ ಮೂರು ವರ್ಷ ಕಳೆಯಿತು. ಕಬ್ಬಿಣ ಇಳಿಯಿತು, ಕೆನ್ನೆ ತುಂಬಿತು. ಈಗ ಬನ್ನಿ ಎಂದು ಬೆಂಗಳೂರಿನಿಂದ ಕರೆ ಬಂತು.

ಚನ್ನಬಸವ ಭಾವನನ್ನೂ ಕರೆದ. "ನೀವೂ ಬನ್ನಿ ಭಾವ. ಅವರು ಹೇಳೋ ಚಳಿ ಲೆಕ್ಕ ನಮಗೆ ತಲೆಗೆ ಹೋಗಲ್ಲ."

ಡಾಕ್ಟರ್ ರೂಪಶ್ರೀ ಮೃದುವಾಗಿ, ಆದರೆ ಸುತ್ತಿ ಬಳಸದೆ ಮಾತಾಡುವವರು. "ಚೀಲದ ಕೊಳವೆಯಲ್ಲಿ ಪರೀಕ್ಷೆಗೆ ಅಂತಲೇ ಸಣ್ಣ ತುಂಡುಗಳನ್ನ ಸೀಲ್ ಮಾಡಿ ಬಿಟ್ಟಿರ್ತಾರೆ. ಅದರಲ್ಲಿ ಒಂದನ್ನ ಕರಗಿಸಿ ನೋಡಿದ್ವಿ. ಜೀವಂತ ಕೋಶಗಳಿವೆ, ಕೆಲಸ ಮಾಡೋ ಶಕ್ತಿಯೂ ಇದೆ. ಆದರೆ ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ ಇವೆ."

ಭುವನಾಳ ಮುಖ ಕಪ್ಪಿಟ್ಟಿತು. "ಮೂರು ವರ್ಷ ಇಟ್ಟಿದ್ದಕ್ಕೆ ಕೆಟ್ಟುಹೋಯ್ತಾ ಮೇಡಂ?"

"ಇಟ್ಟ ವರ್ಷಗಳಿಂದ ಹೆಚ್ಚೇನೂ ಆಗಲ್ಲಮ್ಮ. ಅಷ್ಟು ಚಳಿಯಲ್ಲಿ ಕೋಶಕ್ಕೆ ವಯಸ್ಸೇ ಆಗಲ್ಲ ಅನ್ನಬಹುದು. ಪೆಟ್ಟು ಬೀಳೋದು ಚಳಿಗೆ ಇಳಿಸುವಾಗ, ಮತ್ತೆ ಚಳಿಯಿಂದ ಎತ್ತುವಾಗ. ಕೋಶದೊಳಗಿನ ನೀರು ಹರಳುಕಟ್ಟಿದರೆ ಅದು ಒಡೆದುಹೋಗುತ್ತೆ. ಅದಕ್ಕೇ ಕಾಪಾಡೋ ಔಷಧ ಬೆರೆಸಿ ನಿಧಾನಕ್ಕೆ ತಣಿಸ್ತಾರೆ. ಎಷ್ಟು ಜೋಪಾನ ಮಾಡಿದ್ರೂ ಒಂದು ಪಾಲು ಹೋಗೇ ಹೋಗುತ್ತೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮೊದಲೇ ಆ ಚೀಲದಲ್ಲಿ ಸಿಕ್ಕಿದ್ದ ರಕ್ತವೂ ಸ್ವಲ್ಪವೇ." ಆಮೇಲೆ ಅವರು ಕೇಳಿದರು, "ಧನ್ಯಾ ಈಗ ಎಷ್ಟು ತೂಕ?"

"ಹತ್ತೊಂಬತ್ತೂವರೆ," ಎಂದಳು ಭುವನಾ. ಮೂರು ವರ್ಷದ ಹೆಮ್ಮೆ ಆ ಉತ್ತರದಲ್ಲಿತ್ತು.

"ಚೀಲ ಇಟ್ಟಾಗ ಹದಿಮೂರಿದ್ಲು. ಆ ತೂಕಕ್ಕಾದರೆ ಸಾಕಾಗಬಹುದಿತ್ತು. ಒಂದೊಂದು ಕಿಲೋಗೂ ಇಂತಿಷ್ಟು ಕೋಶ ಬೇಕಾಗುತ್ತೆ. ಅವಳು ಬೆಳೆದ್ಲು, ಚೀಲ ಬೆಳೀಲಿಲ್ಲ."

ಹೇಳಬೇಕಾದದ್ದು ಇನ್ನೂ ಇತ್ತು. ಚೀಲದ ರಕ್ತದ ಜೊತೆಗೆ ದರ್ಶನ್‌ನ ಸೊಂಟದ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೆದು ಎರಡನ್ನೂ ಒಟ್ಟಿಗೆ ಕೊಡುವುದು ಕ್ಷೇಮ. ಮಗುವಿಗೆ ಅರಿವಳಿಕೆ ಕೊಟ್ಟು ಸೂಜಿಯಿಂದ ತೆಗೆಯುತ್ತಾರೆ. ಕೆಲ ದಿನ ಸೊಂಟ ನೋಯುತ್ತದೆ, ಆಮೇಲೆ ಮಜ್ಜೆ ತಾನೇ ತುಂಬಿಕೊಳ್ಳುತ್ತದೆ. ಅಪಾಯ ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

"ಚೀಲದ್ದನ್ನ ಮಾತ್ರ ಕೊಟ್ರೆ?" ಚನ್ನಬಸವ ಕೇಳಿದ.

"ಹಿಡಿಯಲೂಬಹುದು. ಹಿಡಿಯದೇ ಹೋದರೆ ಧನ್ಯಾಗೆ ಕಷ್ಟ. ಯಾಕಂದ್ರೆ ಅಷ್ಟು ಹೊತ್ತಿಗೆ ಅವಳ ಹಳೇ ಮಜ್ಜೆಯನ್ನ ನಾವು ಔಷಧದಿಂದ ಖಾಲಿ ಮಾಡಿರ್ತೀವಿ. ಮನೆಗೆ ಹೋಗಿ ಯೋಚನೆ ಮಾಡಿ ಹೇಳಿ."

ಕಾರಿನಲ್ಲಿ ಬರುವಾಗ ಧನ್ಯಾ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬೇಲೂರು ದಾಟಿದ ಮೇಲೆ ಭುವನಾ, "ಉಣ್ಣು ಉಣ್ಣು ಅಂತ ತುರುಕಿದ್ದು ನಾನೇ ಅಲ್ವಾ ಅಣ್ಣ," ಎಂದಳು. ಮುಂದಿನ ಸೀಟಿನಲ್ಲಿದ್ದ ರೇವಣ್ಣ ತಿರುಗಿ ಅವಳನ್ನು ನೋಡಿದ. ತೂಕ ಹೆಚ್ಚಿದ್ದಕ್ಕೆ ತಾಯಿ ಪರಿತಪಿಸುವುದನ್ನು ಅವನು ಎಲ್ಲಿಯೂ ಕಂಡಿರಲಿಲ್ಲ.

ಆ ವಾರವೆಲ್ಲ ಅವನಿಗೆ ತಂಗಿಯದೇ ಯೋಚನೆ. ಡಾಕ್ಟರು ಬಿಡಿಸಿ ಹೇಳಿದ್ದರೂ ಅವಳು ಕಾದದ್ದರಿಂದಲೇ ಕೆಟ್ಟಿತೆಂದು ಹಲುಬುತ್ತಿದ್ದಾಳೆ ಎಂದು ಚನ್ನಬಸವ ಫೋನಿನಲ್ಲಿ ಹೇಳಿದ. ಶನಿವಾರ ರೇವಣ್ಣನಿಗೆ ಮೂಡಿಗೆರೆಯ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕ್ಯಾನು ತುಂಬಿಸಿಕೊಳ್ಳುವ ಕೆಲಸವಿತ್ತು. ದಾರಿಯಲ್ಲಿ ಬಣಕಲ್ಲಿಗೆ ಹೋಗಿ, "ಹತ್ತು ಬೈಕು, ಒಂದು ತೋರಿಸ್ತೀನಿ," ಎಂದ.

"ಎಂತ ತೋರಿಸ್ತೀಯ ಮಾರಾಯ, ನನಗೆ ಕೆಲಸ ಉಂಟು," ಎನ್ನುತ್ತಲೇ ಅವಳು ಸೆರಗು ಸಿಕ್ಕಿಸಿ ಹತ್ತಿದಳು.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು. ರೇವಣ್ಣ ಮಗ್ಗಿನಲ್ಲಿ ಉಗುರುಬೆಚ್ಚಗಿನ ನೀರಿಟ್ಟುಕೊಂಡ. ಕ್ಯಾನಿನಿಂದ ಇಕ್ಕಳದಲ್ಲಿ ಒಂದು ಕಡ್ಡಿ ಎತ್ತಿ, ಗಾಳಿಯಲ್ಲಿ ತಡಮಾಡದೆ ನೀರಿಗೆ ಬಿಟ್ಟ. "ಕ್ಯಾನಿನ ಬಾಯಲ್ಲಿ ಹಿಡ್ಕೊಂಡು ಆ ಕಡೆ ಈ ಕಡೆ ನೋಡ್ತಾ ನಿಂತ್ರೆ ಇದು ಹಾಳು. ಒಳಗಿದ್ರೆ ಒಳಗೇ ಇರ್ಬೇಕು, ತೆಗೆದ್ರೆ ಬೇಗ ಬಿಸಿಗೆ ಬರ್ಬೇಕು." ಕಡ್ಡಿಯನ್ನು ಒರೆಸಿ, ತುದಿ ಕತ್ತರಿಸಿ, ಗಾಜಿನ ಮೇಲೆ ಒಂದು ಹನಿ ಬಿಟ್ಟು, "ನೋಡು," ಎಂದ.

ಭುವನಾ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಅವಳ ಬಾಯಿಂದ, "ಅಯ್ಯೋ, ಓಡಾಡ್ತಾ ಇದಾವೆ!" ಎಂಬ ಮಾತು ಹೊರಟಿತು. ಇನ್ನಷ್ಟು ನೋಡಿ, "ಅಣ್ಣ, ಎಷ್ಟೊಂದು ಸುಮ್ನೆ ಬಿದ್ದಿದಾವಲ್ಲ?" ಎಂದಳು.

"ಅವು ಸತ್ತಿರೋವು. ಹತ್ತಿರಹತ್ತಿರ ಅರ್ಧ. ಈ ಹೋರಿ ಸತ್ತು ಎಷ್ಟೋ ವರ್ಷ ಆಯ್ತು. ಆದ್ರೆ ಕಡ್ಡಿ ತುಂಬಿಸಿದ ಮರುದಿನವೇ ಕರಗಿಸಿ ನೋಡಿದ್ರೂ ಇಷ್ಟೇ ಕಾಣ್ತಿತ್ತು. ಹೋಗೋವೆಲ್ಲ ಚಳಿಗೆ ಇಳಿಯುವಾಗ, ಎತ್ತುವಾಗಲೇ ಹೋದ್ವು. ಉಳಿದವು ಮಾತ್ರ ಇಷ್ಟು ವರ್ಷವೂ ಹಾಗೇ ಕೂತಿದ್ವು."

"ಹಂಗಾದ್ರೆ ಕಾದಿದ್ದಕ್ಕೆ ಅಲ್ಲ."

"ಕಾದಿದ್ದಕ್ಕೆ ಅಲ್ಲ. ನೀನು ಕಬ್ಬಿಣ ಇಳಿಸದೆ, ಅವಳಿಗೆ ಶಕ್ತಿ ಬರಿಸದೆ ಹೋಗಿದ್ರೆ ಆ ಚೀಲ ತುಂಬಿ ತುಳುಕಿದ್ರೂ ಅವಳು ತಡ್ಕೊಳ್ತಿರ್ಲಿಲ್ಲ."

ಅವಳು ಮತ್ತೆ ಬಗ್ಗಿ ನೋಡಿದಳು. ಆ ಬೆಳಕಿನ ವೃತ್ತದಲ್ಲಿ ಸುಮ್ಮನೆ ಬಿದ್ದವುಗಳ ನಡುವೆ ದಾರಿ ಮಾಡಿಕೊಂಡು ಉಳಿದವು ಓಡುತ್ತಿದ್ದವು. ಇಷ್ಟರಿಂದಲೇ ಕರು ಹುಟ್ಟುತ್ತದೆ ಎಂದು ಹೇಳಿಬಿಡಲು ರೇವಣ್ಣನಿಗೆ ಆಸೆಯಾಯಿತು. ಆದರೆ ಅದು ತಂಗಿಯನ್ನು ದಾರಿ ತಪ್ಪಿಸುವ ಸಮಾಧಾನ. "ಕರುವಿಗೆ ಒಂದು ಸಾಕು ಭುವನಾ. ಧನ್ಯಾಗೆ ಒಂದು ಸಾಕಾಗಲ್ಲ," ಎಂದ.

"ಗೊತ್ತು," ಎಂದಳು ಅವಳು, ಕಣ್ಣು ತೆಗೆಯದೆ.

ತಿರುಗಿ ಬಂದಾಗ ಮಧ್ಯಾಹ್ನ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲವಾದ್ದರಿಂದ ತೋಟಕ್ಕೆ ನೀರು ಹಾಯಿಸುವ ಗಡಿಬಿಡಿ ಎಲ್ಲೆಡೆ. ಬೆಳಗ್ಗೆಯಿಂದ ಅಂಗಡಿಯಲ್ಲಿ ಜನ. ಈಗ ಕೊಂಚ ಬಿಡುವಾಗಿ ಪ್ರೇಮಕುಮಾರಿಯವರು ಗಲ್ಲಾದ ಹಿಂದೆ ಸ್ಪ್ರಿಂಕ್ಲರಿನ ಹಿತ್ತಾಳೆ ಮೂತಿಗಳನ್ನು ಅಳತೆ ಪ್ರಕಾರ ಬೇರೆ ಮಾಡುತ್ತ ಕೂತಿದ್ದರು. ದರ್ಶನ್ ಅವರ ಪಕ್ಕದಲ್ಲಿ ಮೂತಿಗಳನ್ನು ಸಾಲಾಗಿ ನಿಲ್ಲಿಸಿ ಬೀಳಿಸುತ್ತಿದ್ದ. ಭುವನಾ ಅವನನ್ನು ನೋಡುತ್ತ ನೆಲದ ಮೇಲೆ ಕೂತಳು.

"ಇವನನ್ನ ಹೆತ್ತಿದ್ದು ಅದಕ್ಕೇನಾ ಅಂತ ಯಾರಾದ್ರೂ ಕೇಳಿದ್ರೆ, ಅಲ್ಲ ಅನ್ನೋಕೆ ನನಗೊಂದು ಬಾಯಿತ್ತು ಅತ್ತೆ. ಬಿಸಾಡೋದನ್ನ ಎತ್ತಿಟ್ವಿ ಅಂತಿದ್ದೆ. ಈಗ ಇವನ ಮೂಳೆಗೇ ಸೂಜಿ ಹಾಕೋದು. ನಾಳೆ ಇವನೇ ಕೇಳಿದ್ರೆ ಎಂತ ಹೇಳ್ಲಿ?"

ಪ್ರೇಮಕುಮಾರಿಯವರು ಕೈಯಲ್ಲಿದ್ದ ಮೂತಿಯನ್ನು ಡಬ್ಬಿಗೆ ಹಾಕಿದರು. "ಅಕ್ಕನಿಗೆ ನೀನೇ ಕೊಟ್ಟೆ ಮಗಾ ಅಂತ ಹೇಳು."

"ಅವನು ಕೊಡ್ತಾ ಇಲ್ವಲ್ಲ. ಮೂರು ವರ್ಷದ ಮಗೂಗೆ ಕೊಡೋದು ಎಂತ ಗೊತ್ತು? ನಾವು ತಗೊಳ್ತಾ ಇರೋದು."

ಅತ್ತೆ ಇನ್ನೊಂದು ಮೂತಿಯನ್ನು ಕೈಗೆತ್ತಿಕೊಂಡರು. ಅವರು ಸೊಸೆಯ ಮಾತನ್ನು ತಳ್ಳಿಹಾಕುತ್ತಾರೆಂದು ರೇವಣ್ಣ ಎಣಿಸಿದ್ದ.

"ಹೌದು. ಹಂಗಾದ್ರೆ ತಗೊಂಡ್ವಿ ಅಂತ್ಲೇ ಹೇಳು," ಎಂದರು ಅವರು. "ಸುಳ್ಳು ಬೇಡ. ನಿನ್ನನ್ನ ಕೇಳದೆ ತಗೊಂಡ್ವಿ, ಅಕ್ಕ ಉಳಿಲಿ ಅಂತ ತಗೊಂಡ್ವಿ ಅನ್ನು. ಅವನಿಗೆ ಸಿಟ್ಟು ಬಂದ್ರೆ ಬರ್ಲಿ. ಬೈದ್ರೆ ಎದುರಿಗೆ ಕೂತು ಬೈಸ್ಕೊಳ್ಳೋಣ. ನಾನಿದ್ರೆ ನಾನೂ ಕೂರ್ತೀನಿ. ತಗೊಳ್ದೆ ಇದ್ದು, ನಾಳೆ ಅಕ್ಕ ಎಲ್ಲಿ ಅಂತ ಅವನು ಕೇಳಿದ್ರೆ, ಅದಕ್ಕೆ ಉತ್ರ ಕೊಡೋಕೆ ನನಗಂತೂ ಆಗಲ್ಲ."

ಭುವನಾ ಅತ್ತಳು. ಜೋರಾಗಿ ಅಲ್ಲ, ಕಣ್ಣೊರೆಸಿಕೊಂಡು ಒಳಗೆ ಹೋಗಿ ಮುಖ ತೊಳೆದು ಬಂದಳು. ಸಂಜೆ ತಾನೇ ಡಾಕ್ಟರಿಗೆ ಫೋನು ಮಾಡಿ ಒಪ್ಪಿಗೆ ತಿಳಿಸಿದಳು.

ಮೇ ತಿಂಗಳಲ್ಲಿ ಧನ್ಯಾಳನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿಕೊಂಡರು. ಔಷಧಕ್ಕೆ ಕೂದಲು ಉದುರಿತು, ಬಾಯೆಲ್ಲ ಹುಣ್ಣಾಯಿತು. ಗಾಜಿನ ಕೋಣೆಯೊಳಗೆ ಭುವನಾ ಒಬ್ಬಳೇ ಜೊತೆಗೆ. ಗೊತ್ತಾದ ದಿನ ಬೆಳಗ್ಗೆ ದರ್ಶನ್‌ನನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚುವವರೆಗೂ ಅವನು ಅಪ್ಪನ ಅಂಗಿ ಬಿಡಲಿಲ್ಲ. ಹೊರಗೆ ಬಂದಾಗ ಅರೆನಿದ್ದೆಯಲ್ಲಿದ್ದ. ಪೂರ್ತಿ ಎಚ್ಚರವಾದ ಮೇಲೆ ಸೊಂಟ ಮುಟ್ಟಿ ನೋಡಿಕೊಂಡು ಅತ್ತ, ಆಮೇಲೆ ಇಡ್ಲಿ ಕೇಳಿದ. ಎರಡು ದಿನ ಸೊಂಟದ ಮೇಲೆ ಕೈಯಿಟ್ಟುಕೊಂಡು ಥೇಟ್ ಮುದುಕನಂತೆ ನಡೆದ. ಚನ್ನಬಸವ ಮಗನ ಹಿಂದೆಯೇ ಅವನಷ್ಟೇ ನಿಧಾನವಾಗಿ ನಡೆಯುತ್ತಿದ್ದ.

ಮಜ್ಜೆ ತೆಗೆದ ದಿನವೇ ಮಧ್ಯಾಹ್ನ ಚೀಲದ ರಕ್ತ ಬಂತು. ರೇವಣ್ಣ ಗಾಜಿನ ಈಚೆ ನಿಂತಿದ್ದ. ಉಕ್ಕಿನ ಪಾತ್ರೆಯ ಮುಚ್ಚಳ ತೆಗೆದಾಗ ಹೊಮ್ಮಿದ ಬಿಳಿ ಹೊಗೆ ಅವನಿಗೆ ದಿನಬಳಕೆಯದು. ಆದರೂ ಅವನು ಗಾಜಿಗೆ ಇನ್ನಷ್ಟು ಹತ್ತಿರ ಸರಿದ. ತಂತ್ರಜ್ಞೆ ಚಪ್ಪಟೆ ಚೀಲವನ್ನು ಎತ್ತಿದವಳೇ ಬೆಚ್ಚನೆಯ ನೀರಿಗೆ ಇಳಿಸಿ ಮೆಲ್ಲಗೆ ಅಲುಗಾಡಿಸಿದಳು. ಬೇಗ, ಬೇಗ ಎಂದು ಅವನು ತನಗರಿಯದೆ ಗೊಣಗಿದ. ಇಟ್ಟಿಗೆಯಂತಿದ್ದದ್ದು ಸಡಿಲಾಗಿ, ಮಣ್ಣುಬಣ್ಣದ್ದು ಕೆಂಪಾಗಿ, ಕೊನೆಗೆ ನೀರಾಯಿತು. ಕಾಪಾಡುವ ಔಷಧವನ್ನು ತೊಳೆದು ಸಿದ್ಧಮಾಡಿ ಧನ್ಯಾಳ ನಳಿಕೆಗೆ ಜೋಡಿಸಿದರು. ಅದು ಇಳಿಯುತ್ತಿದ್ದಂತೆ ಧನ್ಯಾ ಮೂಗು ಮುರಿದು, "ಅಮ್ಮ, ಬಾಯೆಲ್ಲ ಬೆಳ್ಳುಳ್ಳಿ ವಾಸ್ನೆ," ಎಂದಳು. ಹೆಪ್ಪುಗಟ್ಟಿಸುವಾಗ ಹಾಕಿದ ಔಷಧದ ವಾಸನೆ ಅದು, ತೊಳೆದರೂ ಕೊಂಚ ಉಳಿದಿರುತ್ತದೆ, ಹೆದರಬೇಡಿ ಎಂದರು ನರ್ಸ್. ಅದರ ಹಿಂದೆಯೇ ತಮ್ಮನ ಮಜ್ಜೆಯೂ ಇಳಿಯಿತು.

ಆಮೇಲೆ ಕಾಯುವುದಷ್ಟೇ. ದಿನಾ ರಕ್ತ ಪರೀಕ್ಷೆ, ದಿನಾ ಬಿಳಿಕೋಶದ ಎಣಿಕೆ ಸೊನ್ನೆಯ ಹತ್ತಿರ. ಜ್ವರ ಬಂತು, ಹೋಯಿತು. ರೇವಣ್ಣ ಊರಿಗೆ ಮರಳಿ ಕೆಲಸಕ್ಕೆ ಹತ್ತಿದ್ದ. ಯಾರದೋ ಕೊಟ್ಟಿಗೆಯಲ್ಲಿ ಕೈತೊಳೆಯುತ್ತಿದ್ದಾಗ ಫೋನು ಬಂತು. "ಏರ್ತಾ ಉಂಟಂತೆ ಅಣ್ಣ," ಎಂದಳು ಭುವನಾ. ಅಷ್ಟೇ ಹೇಳಿ ಇಟ್ಟುಬಿಟ್ಟಳು. ಮರುದಿನವೂ ಏರಿತು, ಅದರ ಮರುದಿನವೂ.

ಕೆಲವು ವಾರದ ಮೇಲೆ ರೇವಣ್ಣ ಮತ್ತೆ ಬೆಂಗಳೂರಿಗೆ ಹೋದಾಗ ಡಾಕ್ಟರ್ ರೂಪಶ್ರೀ ನಗುತ್ತ ಬಂದರು. "ಈಗ ಇವಳ ರಕ್ತ ಮಾಡ್ತಾ ಇರೋದೆಲ್ಲ ತಮ್ಮನ ಕೋಶಗಳೇ. ಸ್ವಲ್ಪ ದಿನದಲ್ಲಿ ಬ್ಲಡ್ ಗ್ರೂಪೂ ಅವನದೇ ಆಗುತ್ತೆ."

ಭುವನಾ ಕೈಮುಗಿದಳು. ಆಮೇಲೆ ಕೇಳಿದಳು, "ಯಾವ್ದು ಹಿಡೀತು ಮೇಡಂ? ಚೀಲದ್ದೋ, ಮೂಳೆಯದ್ದೋ?"

"ಅದು ಗೊತ್ತಾಗಲ್ಲಮ್ಮ. ಎರಡೂ ದರ್ಶನ್‌ದೇ ತಾನೆ? ಎರಡರ ಗುರುತೂ ಒಂದೇ. ಬೇರೆ ಮಾಡಿ ಹೇಳೋ ಪರೀಕ್ಷೆ ಇಲ್ಲ. ಎರಡೂ ಸೇರಿಯೇ ಹಿಡಿದಿರಬಹುದು."

"ಚೀಲದ್ದೇ ಸಾಕಾಗಿತ್ತೋ ಏನೋ?"

"ಇರಬಹುದು. ಇಲ್ಲದೆಯೂ ಇರಬಹುದು."

ಈ ಪ್ರಶ್ನೆ ಅವಳನ್ನು ಬಿಡಲಿಲ್ಲ. ಊರಿಗೆ ಬಂದ ಮೇಲೂ ಒಂದು ದಿನ, ದರ್ಶನ್‌ನಿಗೆ ಸ್ನಾನ ಮಾಡಿಸಿ ಅಂಗಿ ತೊಡಿಸುತ್ತ, ಸೊಂಟದ ಮೇಲಿದ್ದ ಸಾಸಿವೆಕಾಳಿನಷ್ಟು ಕಲೆಯನ್ನು ಅಣ್ಣನಿಗೆ ತೋರಿಸಿ, "ಸುಮ್ಸುಮ್ನೆ ಚುಚ್ಚಿಸಿದ್ವೇನೋ," ಎಂದಳು.

"ಇರಬಹುದು," ಎಂದ ರೇವಣ್ಣ.

ಅವಳು ತಲೆಯೆತ್ತಿದಳು. "ಇಲ್ಲ ಮಾರಾಯ್ತಿ, ಹಂಗೆಲ್ಲ ಅನ್ಬೇಡ ಅಂತ ನೀನು ಹೇಳ್ತೀಯ ಅಂದ್ಕೊಂಡಿದ್ದೆ."

"ಗೊತ್ತಿಲ್ಲದ್ದನ್ನ ಹೆಂಗೆ ಹೇಳ್ಲಿ?"

ಭುವನಾ ನಕ್ಕುಬಿಟ್ಟಳು. ಆಸ್ಪತ್ರೆಯ ದಿನಗಳಾದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಮಗನ ಗುಂಡಿ ಹಾಕಿ, ಕೆನ್ನೆ ಹಿಂಡಿ, ಹೊರಗೆ ಬಿಟ್ಟಳು.

ಒಂದು ವರ್ಷ ಕಳೆಯಿತು. ರಕ್ತ ಹಾಕಿಸಲು ಚಿಕ್ಕಮಗಳೂರಿಗೆ ಹೋಗುವುದು ನಿಂತುಹೋಗಿತ್ತು; ಮಾತ್ರೆಗಳೂ ಒಂದೊಂದಾಗಿ ಕಡಿಮೆಯಾದವು. ಧನ್ಯಾಳಿಗೆ ಗುಂಗುರು ಕೂದಲು ಹುಟ್ಟಿತು, ಮೊದಲು ನೇರವಾಗಿದ್ದದ್ದು. ಡಾಕ್ಟರು ಇನ್ನು ಎಲ್ಲಿ ಬೇಕಾದರೂ ಹೋಗಬಹುದು ಎಂದ ಮೇಲೆ ಒಂದು ಭಾನುವಾರ ರೇವಣ್ಣ ಎಲ್ಲರನ್ನೂ ಜೀಪಿನಲ್ಲಿ ದೇವರಮನೆ ಬೆಟ್ಟಕ್ಕೆ ಕರೆದುಕೊಂಡು ಹೋದ. ದೇವಸ್ಥಾನದಲ್ಲಿ ಪ್ರೇಮಕುಮಾರಿಯವರು ಹಣ್ಣುಕಾಯಿ ಮಾಡಿಸಿದರು. ಆಮೇಲೆ ಹುಲ್ಲಿನ ಗುಡ್ಡದ ಬುಡದಲ್ಲಿ ಚಾಪೆ ಹಾಸಿ ಕೂತರು. ಗಾಳಿ ಹುಲ್ಲನ್ನು ಒಂದೇ ಕಡೆಗೆ ಬಾಚುತ್ತಿತ್ತು.

ಅಜ್ಜಿ ಚಿತ್ರಾನ್ನದ ಡಬ್ಬಿ ಬಿಚ್ಚುವಷ್ಟರಲ್ಲಿ ಧನ್ಯಾ ಗುಡ್ಡ ಹತ್ತತೊಡಗಿದ್ದಳು. ದರ್ಶನ್ ಹಿಂದೆ ಓಡಿದ, ಸ್ವಲ್ಪ ದೂರ ಹೋಗಿ ಎಡವಿ ಬಿದ್ದ, ಎದ್ದು ಮತ್ತೆ ಓಡಿದ.

"ನಿಧಾನ ಧನ್ಯಾ! ಉಸಿರು ಹತ್ತಿಸ್ಕೋಬೇಡ!" ಎಂದು ಭುವನಾ ಅಭ್ಯಾಸಬಲದಿಂದ ಕೂಗಿದಳು.

ಧನ್ಯಾಗೆ ಕೇಳಿಸಿರಲೇಬೇಕು. ಆದರೂ ನಿಲ್ಲಲಿಲ್ಲ. ಭುವನಾ ಎರಡನೆಯ ಸಲ ಕೂಗಲು ಹೋಗಲಿಲ್ಲ. ಅತ್ತೆ ಬಡಿಸಿದ ತಟ್ಟೆ ಹಿಡಿದುಕೊಂಡು, ತಿನ್ನುವುದನ್ನು ಮರೆತು, ಗುಡ್ಡ ಹತ್ತುತ್ತಿದ್ದ ಇಬ್ಬರನ್ನೂ ನೋಡುತ್ತ ಕೂತಳು.